ಸೇತುವೆ ಎಲ್ಲಿ ಹೋಯ್ತು ಸ್ವಾಮಿ?

ಮೊನ್ನೆ ಭಾನುವಾರ ಊಟ ಮುಗಿಸಿ ಹಾಲ್‌ಗೆ ಬಂದರೆ ಮಗರಾಯ ಕಂಪ್ಯೂಟರ್ ಮುಂದೆ ಯುದ್ಧ ಹೂಡಿ ಕೂತಿದ್ದ. ಆಟ ನನಗೆ ಹೊಸದೇನಲ್ಲ. ‘ಏಜ್ ಆಫ್ ಎಂಪೈರ್ಸ್ 2’ 1999ರಲ್ಲಿ ಬಂದ ಹೊಸತರಲ್ಲಿ ಪುಣೆಯ ಬಾಡಿಗೆ ಮನೆಯಲ್ಲಿ ರಾತ್ರಿ ಎರಡರವರೆಗೆ ಆಡಿ, ಬೆಳಿಗ್ಗೆ ಬ್ರಾಂಚಿನಲ್ಲಿ ತೂಕಡಿಸಿದವನು ನಾನು. ಆದರೆ ಇವನು ನಕ್ಷೆ ಕಟ್ಟುವ ಎಡಿಟರ್ ತೆಗೆದು, ‘ಬ್ರೇವ್‌ಹಾರ್ಟ್’ ಚಿತ್ರದ ಸ್ಟರ್ಲಿಂಗ್ ಯುದ್ಧವನ್ನು ಇದ್ದ ಹಾಗೇ ಇಳಿಸುತ್ತಿದ್ದ. ಹಸಿರು ಬಯಲು. ಈ ಕಡೆ ಈಟಿ ಹಿಡಿದ ಸ್ಕಾಟರು, ಆ ಕಡೆ ಇಂಗ್ಲಿಷ್ ಕುದುರೆ ಸವಾರರು.

“ಸೇತುವೆ ಎಲ್ಲೋ?” ಅಂದೆ.

“ಯಾವ ಸೇತುವೆ ಅಪ್ಪಾ?”

ನನ್ನ ಜಗಳ ಇರುವುದೇ ಇಲ್ಲಿ. 1297ರ ಸೆಪ್ಟೆಂಬರ್ 11ರಂದು ನಡೆದ ಆ ಕಾಳಗದ ಹೆಸರೇ ಸ್ಟರ್ಲಿಂಗ್ ಬ್ರಿಜ್! ಫೋರ್ತ್ ನದಿಗೆ ಕಿರಿದಾದ ಮರದ ಸೇತುವೆ, ಇಬ್ಬರು ಸವಾರರು ಜೋಡಿಯಾಗಿ ಹೋದರೆ ಮುಗಿಯಿತು. ದಾಟಿದ ಮೇಲೆ ಜವುಗು ನೆಲ. ವಾಲೇಸ್ ಮತ್ತು ಆಂಡ್ರ್ಯೂ ಮೋರೆ ಗುಡ್ಡದ ಮೇಲೆ ಕಾದು ಕೂತು, ಇಂಗ್ಲಿಷ್ ಸೈನ್ಯದ ಒಂದು ಪಾಲು ದಾಟುವವರೆಗೆ ಬಿಟ್ಟು, ಆಮೇಲೆ ಮೇಲೆ ಬಿದ್ದರು. ಆಚೆ ದಡದಲ್ಲಿ ಉಳಿದವರು ನೋಡುತ್ತಾ ನಿಂತರು, ಅಷ್ಟೇ. ಮೆಲ್ ಗಿಬ್ಸನ್ 1995ರಲ್ಲಿ ಸೇತುವೆಯನ್ನೂ ತೆಗೆದರು, ಮೋರೆಯನ್ನೂ ತೆಗೆದರು, ಐದು ಆಸ್ಕರ್ ತಗೊಂಡರು.

ನನಗೆ ಹೆಚ್ಚು ಹೊಟ್ಟೆ ಉರಿಯುವುದು ಇನ್ನೊಬ್ಬನ ವಿಷಯಕ್ಕೆ. ಇಂಗ್ಲಿಷರ ಕಡೆ ಹ್ಯೂ ಡಿ ಕ್ರೆಸ್ಸಿಂಗ್ಹ್ಯಾಮ್ ಅಂತ ಒಬ್ಬ ಖಜಾಂಚಿ ಇದ್ದ. ಮೇಲ್ಗಡೆ ನದಿ ಹಾಯುವ ಜಾಗವಿದೆ, ಸುತ್ತಿ ಹೋಗಿ ಹಿಂದಿನಿಂದ ಹೊಡೆಯೋಣ ಅಂತ ಅವರ ಸರದಾರನೊಬ್ಬ ಹೇಳಿದ. ತಡ ಮಾಡಿದರೆ ರಾಜನ ದುಡ್ಡು ದಂಡ, ಸೇತುವೆ ಮೇಲೇ ನಡೀರಿ ಅಂದವನು ಈ ಖಜಾಂಚಿ ಅಂತ ಹಳೆಯ ಬರಹಗಾರನೊಬ್ಬ ದಾಖಲಿಸಿದ್ದಾನೆ. ಸತ್ತ ಮೇಲೆ ಅವನ ಚರ್ಮ ಸುಲಿದರಂತೆ. ಮೂವತ್ತು ವರ್ಷ ಬ್ಯಾಂಕಿನಲ್ಲಿ ಸವೆದ ನನಗೆ ಈ ಮನುಷ್ಯ ಚೆನ್ನಾಗಿ ಗೊತ್ತು, ಆಡಿಟ್ ಸಮಯದಲ್ಲಿ ಎಷ್ಟೋ ಸಲ ಎದುರು ಕೂತಿದ್ದಾನೆ :) ಸೇತುವೆ ಕಿತ್ತರೆ ಇವನಿಗೆ ಜಾಗವೆಲ್ಲಿ?

ಸಿನಿಮಾದವರಿಗೆ ಎರಡೂವರೆ ಮೂರು ಗಂಟೆಯಲ್ಲಿ ಕಥೆ ಮುಗಿಸುವ ಕಷ್ಟವಿದೆ, ಬಿಡಿ. ಆಟಕ್ಕೆ ಏನು ಕಷ್ಟ? ಬಯಲಿನಲ್ಲಿ ಈಟಿಯವರನ್ನು ನಿಲ್ಲಿಸಿ ಕುದುರೆ ನುಗ್ಗಿಸಿದರೆ ಪ್ರತಿ ಸಲ ಕುದುರೆಯೇ ಸಾಯುತ್ತದೆ, ಆಟದ ಲೆಕ್ಕವೇ ಹಾಗಿದೆ. ಅದನ್ನೇ ಹತ್ತು ಸಲ ನೋಡುವ ಬದಲು ಡಿವಿಡಿ ಹಾಕಿಕೊಂಡರೆ ಆಗದೇ? ಸೇತುವೆ ಇಟ್ಟು ನೋಡಿ. ಎಷ್ಟು ಜನ ದಾಟುವವರೆಗೆ ಕಾಯಬೇಕು? ಬೇಗ ಬಿದ್ದರೆ ನೂರು ಜನ ಸಿಗುತ್ತಾರೆ, ಉಳಿದವರು ಬುದ್ಧಿ ಕಲಿತು ವಾಪಸ್. ತಡ ಮಾಡಿದರೆ ನೀವೇ ಇಲ್ಲ. ವಾಲೇಸನ ತಲೆಯೊಳಗೆ ಅವತ್ತು ಇದ್ದ ಪ್ರಶ್ನೆ ಇದು. ಯಾವ ಸಿನಿಮಾವೂ ಇದನ್ನು ನಿಮ್ಮ ಕೈಗೆ ಕೊಡುವುದಿಲ್ಲ, ಆಟ ಕೊಡುತ್ತದೆ. ಕೊಟ್ಟದ್ದನ್ನು ಬಿಸಾಕಿ, ನೀಲಿ ಬಣ್ಣ ಬಳಿದ ಮುಖ ಹುಡುಕುತ್ತಾ ಕೂರುತ್ತೀರಲ್ಲ!

“ಮಜಾಕ್ಕೆ ಅಪ್ಪಾ, ನಿಮ್ಮದೊಂದು” ಅಂದ. ನಿಜ, ‘ಮಯೂರ’ ನೋಡಿ ಬಂದು ಹಿತ್ತಲಲ್ಲಿ ಅಡಿಕೆ ದಬ್ಬೆ ಬೀಸಿ ಅಜ್ಜಿಯ ಬಸಳೆ ಚಪ್ಪರ ಕೆಡವಿದವನು ನಾನು. ಮಜಾ ಬೇಡ ಅನ್ನುತ್ತಿಲ್ಲ. ಆಟದವರೂ ಸಾಚಾ ಅಲ್ಲ ಬಿಡಿ. 1298ರಲ್ಲಿ ಫಾಲ್ಕಿರ್ಕ್‌ನಲ್ಲಿ ವಾಲೇಸ್ ಸೋತ, ಇದೇ ಆಟದ ವಾಲೇಸ್ ಪಾಠದ ಕೊನೆಗೆ ಅದೇ ಫಾಲ್ಕಿರ್ಕ್‌ನಲ್ಲಿ ನಾವು ಗೆಲ್ಲುತ್ತೇವೆ!

ಅರ್ಧ ಗಂಟೆ ಮುಖ ಊದಿಸಿಕೊಂಡಿದ್ದು ಕೊನೆಗೆ ನದಿ ಹಾಕಿದ, ಸೇತುವೆ ಇಟ್ಟ. ಮೊದಲ ಸಲ ಆತುರಪಟ್ಟು ಕೆಟ್ಟ. ಎರಡನೇ ಸಲ ಕಾದೂ ಕಾದೂ ಕುದುರೆಗಳೆಲ್ಲ ಈಚೆ ಬಂದು ವಾಲೇಸನೇ ಮಣ್ಣಾದ. ಚಹಾ ಆರಿತು ಅಂತ ಇವಳು ಒಳಗಿಂದ ಕೂಗುತ್ತಿದ್ದಳು. “ತಡೀರಿ ಅಪ್ಪಾ, ಇನ್ನೊಂದೇ ಸಲ” ಅಂದ. ನಾನೂ ಕುರ್ಚಿ ಎಳೆದುಕೊಂಡೆ.