ಲಕ್ಕಲಕಟ್ಟಿಯ ಹೊಣೆ

ಗಜೇಂದ್ರಗಡ ತಾಲೂಕಿನ ಲಕ್ಕಲಕಟ್ಟಿಯಲ್ಲಿ 2019ರ ನವೆಂಬರ್‌ನಲ್ಲಿ ನಡೆದ ದಂಪತಿಯ ಕೊಲೆಗಾಗಿ ಗದಗ ಜಿಲ್ಲಾ ಮತ್ತು ಸೆಷನ್ಸ್ ನ್ಯಾಯಾಲಯ 2025ರ ಜನವರಿಯಲ್ಲಿ ನಾಲ್ವರಿಗೆ ಮರಣದಂಡನೆ ವಿಧಿಸಿತು. ಸೆಷನ್ಸ್ ನ್ಯಾಯಾಲಯದ ಇಂಥ ಆದೇಶ ಹೈಕೋರ್ಟ್ ದೃಢಪಡಿಸದ ಹೊರತು ಜಾರಿಗೆ ಬಾರದು. ಅದರ ಪರಾಮರ್ಶೆ ನ್ಯಾಯಪೀಠಕ್ಕೆ ಸೇರಿದ್ದು. ನಾವು ಕೇಳಬೇಕಾದ ಪ್ರಶ್ನೆ ಬೇರೆ. ಅಪರಾಧಿಗಳಿಗೆ ಶಿಕ್ಷೆಯಾದ ಮಾತ್ರಕ್ಕೆ ಊರು, ಜಿಲ್ಲಾಡಳಿತ ಮತ್ತು ಸರ್ಕಾರಗಳು ಋಣಮುಕ್ತವಾದವೇ?

ಕುಖ್ಯಾತ ಕೊಲೆಗಳ ವಿಷಯದಲ್ಲಿ ಲೋಕದ ಸ್ಮರಣೆ ವಿಚಿತ್ರವಾದುದು. ಅಮೆರಿಕದ ಜೆಫ್ರಿ ಡಾಮರ್ 1978ರಿಂದ 1991ರ ನಡುವೆ 17 ಮಂದಿ ತರುಣರನ್ನು, ಬಾಲಕರನ್ನು ಕೊಂದ. ಅವನ ಹೆಸರು ಜಗತ್ತಿಗೆಲ್ಲ ಗೊತ್ತು. 2022ರಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ಅವನ ಕಥೆ ಧಾರಾವಾಹಿಯಾದಾಗ, ಸತ್ತವರ ಒಡಹುಟ್ಟಿದವರು, ಬಂಧುಗಳು ತಮ್ಮ ಗಾಯವನ್ನು ಮತ್ತೆ ಕೆದಕಿದ್ದಕ್ಕಾಗಿ ಬಹಿರಂಗವಾಗಿಯೇ ನೊಂದು ನುಡಿದರು. ಆದರೆ ಆ ಪ್ರಕರಣದಲ್ಲಿ ಎಂದೂ ಮರೆಯಬಾರದ ಸಂಗತಿ ಮತ್ತೊಂದಿದೆ. 1991ರ ಮೇ ತಿಂಗಳಲ್ಲಿ 14 ವರ್ಷದ ಬಾಲಕನೊಬ್ಬ ಅವನ ಮನೆಯಿಂದ ತಪ್ಪಿಸಿಕೊಂಡು ಬೀದಿಗೆ ಬಂದಿದ್ದ. ನೆರೆಯ ಕಪ್ಪು ಮಹಿಳೆಯರು ಪೊಲೀಸರನ್ನು ಕರೆದು, ಹುಡುಗನನ್ನು ಕಾಪಾಡಿ ಎಂದು ಅಂಗಲಾಚಿದರು. ಪೊಲೀಸರು ಆ ಹೆಂಗಸರ ಮಾತನ್ನು ಕಿವಿಗೆ ಹಾಕಿಕೊಳ್ಳದೆ ಬಾಲಕನನ್ನು ಕೊಲೆಗಾರನ ಕೈಗೇ ಒಪ್ಪಿಸಿ ಹೋದರು. ಆ ಬಾಲಕ ಸತ್ತ. ಅವನ ನಂತರ ಮತ್ತೆ ನಾಲ್ವರು ಸತ್ತರು. ಕೊಂದವನು ಒಬ್ಬನೇ, ಆ ಐದು ಸಾವುಗಳ ಹೊಣೆ ಮಾತ್ರ ಅವನೊಬ್ಬನದಲ್ಲ.

ನಮ್ಮ ರಾಜ್ಯದಲ್ಲಿಯೂ ದಂಡುಪಾಳ್ಯದ ಹಂತಕರ ತಂಡದ ಕಥೆ ಸಿನಿಮಾ ಆಯಿತು. 2009ರಲ್ಲಿ ದಕ್ಷಿಣ ಕನ್ನಡದಲ್ಲಿ ಸಿಕ್ಕಿಬಿದ್ದ ಸರಣಿ ಹಂತಕ ಶಿಕ್ಷಕನ ಹೆಸರಿಗೆ ಸೈನೈಡ್ ಎಂಬ ಬಿರುದು ಅಂಟಿತು. ಮದುವೆಯ ಆಸೆಯಿಂದ ಅವನನ್ನು ನಂಬಿ ಹೋದ ಬಡಮನೆಯ ಹೆಣ್ಣುಮಕ್ಕಳು ವರ್ಷಗಟ್ಟಲೆ ಬರೀ ಕಾಣೆಯಾದವರಾಗಿ ಉಳಿದಿದ್ದರು.

ಲಕ್ಕಲಕಟ್ಟಿಯ ಕೊಲೆಗೆ ಅಂಥ ಅಪರಿಚಿತ ಹಂತಕ ಬೇಕಾಗಲಿಲ್ಲ. ಜಾತಿ ಮೀರಿ ಮದುವೆಯಾಗಿ, ಊರು ಬಿಟ್ಟು ಬದುಕು ಕಟ್ಟಿಕೊಂಡಿದ್ದ ಇಬ್ಬರು ಊರಿಗೆ ಮರಳಿದಾಗ, ಹೆಣ್ಣಿನ ಕಡೆಯ ಬಂಧುಗಳೇ ಅವರನ್ನು ಕಲ್ಲಿನಿಂದ ಹೊಡೆದು ಕೊಂದರು. ಮದುವೆಯಾಗಿ ವರ್ಷಗಳು ಕಳೆದಿದ್ದವು. ಸಿಟ್ಟು ಒಂದು ಗಳಿಗೆಯದಾಗಿದ್ದರೆ ಅಷ್ಟು ವರ್ಷ ಕಾಯುತ್ತಿರಲಿಲ್ಲ. ಅದನ್ನು ಆರದಂತೆ ಕಾಪಾಡಿದ್ದು ಸುತ್ತಲಿನ ಮಾತು: ಕಟ್ಟೆಯ ಮೇಲಿನ ಚುಚ್ಚುನುಡಿ, ಬೀಗರ ಮನೆಯ ಕುಹಕ, ಮರ್ಯಾದೆ ಹೋಯಿತೆಂಬ ಎಡೆಬಿಡದ ಹಳಹಳಿಕೆ. ಈ ಮಾತುಗಳನ್ನು ಆಡಿದವರಾರೂ ಆರೋಪಪಟ್ಟಿಯಲ್ಲಿ ಬರುವುದಿಲ್ಲ.

ಸತ್ತವರಿಬ್ಬರೂ ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲಿಯೇ ಇರುವ ಎರಡು ಸಮುದಾಯಗಳಿಗೆ ಸೇರಿದವರು ಎಂಬುದನ್ನು ಹೇಳಲೇಬೇಕು. ಮೇಲು ಕೀಳೆಂಬ ವಿಷವನ್ನು ತಲೆತಲಾಂತರದಿಂದ ಉಂಡವರ ನಡುವೆಯೂ ಅದು ಮೆಟ್ಟಿಲು ಮೆಟ್ಟಿಲಾಗಿ ಇಳಿದಿದೆ. ಇದರಿಂದ ಹುಟ್ಟುವ ಕಾನೂನಿನ ತೊಡಕೂ ಸಣ್ಣದಲ್ಲ. 1989ರ ದೌರ್ಜನ್ಯ ತಡೆ ಕಾಯ್ದೆ ಪರಿಶಿಷ್ಟ ಜಾತಿ, ಪಂಗಡಗಳಿಗೆ ಸೇರದವರು ಎಸಗಿದ ಅಪರಾಧಗಳಿಗೆ ಮಾತ್ರ ಅನ್ವಯಿಸುತ್ತದೆ. ಕೊಂದವರೂ ಅದೇ ಪಟ್ಟಿಯವರಾದಾಗ ಆ ಕಾಯ್ದೆಯ ರಕ್ಷಣೆ ಸತ್ತವರಿಗೆ ಒದಗದು. ಒಳಜಾತಿಗಳ ನಡುವಿನ ಮದುವೆಗೂ ಸಮಾಜ ಕಲ್ಯಾಣ ಇಲಾಖೆ ಪ್ರೋತ್ಸಾಹಧನ ಕೊಡುತ್ತದೆ. ಮದುವೆಗೆ ಹಣ ಕೊಡುವ ಸರ್ಕಾರ ಮದುವೆಯಾದವರ ಜೀವಕ್ಕೆ ಕಾವಲು ಕೊಡಲಾಗದಿದ್ದರೆ, ಅದನ್ನು ಪ್ರೋತ್ಸಾಹವೆನ್ನುವುದು ಹೇಗೆ?

ಮರ್ಯಾದೆಯ ಹೆಸರಿನ ಹಿಂಸೆಯನ್ನು ತಡೆಯಲು ಕಾನೂನು ಆಯೋಗ 2012ರಲ್ಲಿಯೇ ತನ್ನ 242ನೇ ವರದಿಯಲ್ಲಿ ಪ್ರತ್ಯೇಕ ಮಸೂದೆಯ ಕರಡು ನೀಡಿತ್ತು. ಸಂಸತ್ತು ಅದನ್ನು ಕಾಯ್ದೆಯಾಗಿಸಲಿಲ್ಲ. ಶಕ್ತಿವಾಹಿನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2018ರ ಮಾರ್ಚ್ 27ರಂದು ಎಲ್ಲ ರಾಜ್ಯಗಳಿಗೂ ಸ್ಪಷ್ಟ ನಿರ್ದೇಶನ ಕೊಟ್ಟಿತು: ಪ್ರತಿ ಜಿಲ್ಲೆಯಲ್ಲಿ ವಿಶೇಷ ಘಟಕ, ಹಗಲಿರುಳು ಸಹಾಯವಾಣಿ, ಬೆದರಿಕೆಗೊಳಗಾದ ಜೋಡಿಗಳಿಗೆ ಸುರಕ್ಷಿತ ವಸತಿ, ಕರ್ತವ್ಯ ಮರೆತ ಅಧಿಕಾರಿಯ ವಿರುದ್ಧ ಇಲಾಖಾ ಕ್ರಮ. ಲಕ್ಕಲಕಟ್ಟಿಯ ಕೊಲೆ ನಡೆದದ್ದು ಇದಾಗಿ 20 ತಿಂಗಳು ಸಮೀಪಿಸುವ ಹೊತ್ತಿಗೆ. ದೆಹಲಿಯಲ್ಲಿ ಹೊರಟ ಆದೇಶ ಆ ದಂಪತಿಯ ಬಾಗಿಲನ್ನು ಮುಟ್ಟಲಿಲ್ಲ ಎಂಬುದಕ್ಕೆ ಅವರ ಸಾವಿಗಿಂತ ಬೇರೆ ದಾಖಲೆ ಬೇಕಿಲ್ಲ. ವಿಶೇಷ ವಿವಾಹ ಕಾಯ್ದೆಯಡಿ ಮದುವೆಯಾಗ ಬಯಸುವವರ ಹೆಸರು, ವಿಳಾಸ 30 ದಿನ ನೋಟಿಸ್ ಬೋರ್ಡಿನ ಮೇಲೆ ತೂಗಬೇಕೆಂಬ ನಿಯಮವಂತೂ ಅವರನ್ನು ಹುಡುಕುವವರಿಗೆ ನೆರವಾಗುವಂತಿದೆ.

ಈ ಸೀಮೆ ಬಸವತತ್ತ್ವದ ಸೀಮೆ. ಹರಳಯ್ಯ, ಮಧುವರಸರ ಮಕ್ಕಳ ಜಾತಿ ಮೀರಿದ ಮದುವೆಗಾಗಿ ಕಲ್ಯಾಣದಲ್ಲಿ ಶರಣರು ತೆತ್ತ ಬೆಲೆಯನ್ನು ನಮ್ಮ ಮಠಗಳು ಪುರಾಣ ಪ್ರವಚನಗಳಲ್ಲಿ ಕಣ್ಣೀರು ಬರುವಂತೆ ಬಣ್ಣಿಸುತ್ತವೆ. ಎಂಟು ಶತಮಾನಗಳ ಹಿಂದಿನ ಎಳೆಹೂಟೆಯ ಶಿಕ್ಷೆಗೆ ಮರುಗುವ ಮನಸ್ಸು ತನ್ನ ತಾಲೂಕಿನಲ್ಲಿ, ತನ್ನ ಕಾಲದಲ್ಲಿ ನಡೆದದ್ದಕ್ಕೆ ಮೌನ ತಾಳಿದರೆ ಆ ಮರುಕ ಭಕ್ತಿಯೆನಿಸದು.

ಕೊಲೆಗೆ ಉತ್ತರಿಸಬೇಕಾದವರು ನ್ಯಾಯಾಲಯದ ಮುಂದೆ ನಿಂತು ಉತ್ತರಿಸಿದ್ದಾರೆ. ತಡೆಯಬೇಕಾದವರು ಇನ್ನೂ ಉತ್ತರಿಸಿಲ್ಲ. ಗದಗ ಜಿಲ್ಲೆಯ ವಿಶೇಷ ಘಟಕದಲ್ಲಿ ಯಾರಿದ್ದಾರೆ, ಬೆದರಿಕೆಗೊಳಗಾದವರು ನಡುರಾತ್ರಿ ಯಾವ ಸಂಖ್ಯೆಗೆ ಕರೆ ಮಾಡಬೇಕು, ಅವರನ್ನು ಎಲ್ಲಿ ಇರಿಸಿ ಕಾಯಲಾಗುತ್ತದೆ ಎಂಬುದನ್ನು ಜಿಲ್ಲಾಡಳಿತ ರೋಣ, ನರಗುಂದ, ಗಜೇಂದ್ರಗಡದ ಪ್ರತಿ ಗ್ರಾಮ ಪಂಚಾಯಿತಿಯ ಗೋಡೆಯ ಮೇಲೆ ಬರೆಸಬೇಕು. ಮಠಾಧೀಶರೂ ತಾಂಡಾ, ಕೇರಿಗಳ ಹಿರಿಯರೂ ಒಂದೇ ವೇದಿಕೆಯಲ್ಲಿ ಕುಳಿತು, ಮಕ್ಕಳು ಮೆಚ್ಚಿ ಮಾಡಿಕೊಂಡ ಮದುವೆಯಿಂದ ಯಾವ ಮನೆಯ ಮರ್ಯಾದೆಯೂ ಹೋಗದು ಎಂದು ತಮ್ಮ ತಮ್ಮ ಜನರ ಎದುರಿಗೇ ಹೇಳಬೇಕು.