ಮನೆ ಕೊಳ್ಳುವ ಮುನ್ನ ತಾರಸಿ ಹತ್ತಿರಿ



ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಅನೇಕರು ಈಗ ಮನೆ ಕೊಳ್ಳುವ ವಯಸ್ಸಿಗೆ ಬಂದಿದ್ದಾರೆ. ಹೊಸ ಮನೆಯ ಬೆಲೆ ಕೈಗೆಟುಕದೆ, ಮೈಸೂರು, ಬೆಂಗಳೂರುಗಳ ಹಳೆಯ ಬಡಾವಣೆಗಳಲ್ಲಿ ಹದಿನೈದಿಪ್ಪತ್ತು ವರ್ಷಗಳ ಹಿಂದೆ ಕಟ್ಟಿದ ಮನೆಗಳನ್ನು ನೋಡುತ್ತಿದ್ದಾರೆ. ಕೆಲವರು ವಿಶ್ವಾಸದಿಂದ ನನ್ನನ್ನೂ ಜೊತೆಗೆ ಕರೆದೊಯ್ಯುವುದುಂಟು. ಖಾತೆ, ಕಂದಾಯದ ರಸೀದಿ, ಋಣಭಾರ ಪತ್ರಗಳನ್ನು ಅವರು ವಕೀಲರಿಗೆ ತೋರಿಸುತ್ತಾರೆ. ಈಶಾನ್ಯದ ಮೂಲೆಯನ್ನು ವಾಸ್ತು ಬಲ್ಲವರಿಗೆ ತೋರಿಸುತ್ತಾರೆ. ಬಿಸಿನೀರಿನ ವ್ಯವಸ್ಥೆಯನ್ನು ಮಾತ್ರ ಯಾರಿಗೂ ತೋರಿಸುವುದಿಲ್ಲ. ಮಾರುವವರು "ಸೋಲಾರ್ ಇದೆ" ಎಂದರೆ ಸಾಕು, ಕೊಳ್ಳುವವರು ತಲೆಯಾಡಿಸಿಬಿಡುತ್ತಾರೆ.

ಇದು ಸರಿಯಲ್ಲವೆಂಬುದು ನನ್ನ ದೃಢವಾದ ಅಭಿಪ್ರಾಯ. ಹಳೆಯ ಮನೆಯ ಬಿಸಿನೀರನ್ನು ಮುಂಗಡ ಹಣ ಕೊಡುವ ಮೊದಲೇ ಪರೀಕ್ಷಿಸಬೇಕು. ಅದರ ಕೆಲವು ದೋಷಗಳನ್ನು ಬೆಲೆಯಲ್ಲಿ ಸರಿದೂಗಿಸಿಕೊಳ್ಳಬಹುದು. ಒಂದೆರಡನ್ನು ಯಾವ ಬೆಲೆಗೂ ಸಹಿಸಬಾರದು.

ನಮ್ಮ ಹಿರಿಯರಿಗೆ ಈ ವಿವೇಕವಿತ್ತು. ನರಕ ಚತುರ್ದಶಿಯ ಹಿಂದಿನ ಸಂಜೆ ನೀರು ತುಂಬುವ ಹಬ್ಬ. ಅಂದು ಬಚ್ಚಲುಮನೆಯ ತಾಮ್ರದ ಹಂಡೆಯನ್ನು ಹುಣಸೆಹಣ್ಣಿನಿಂದ ತಿಕ್ಕಿ ತೊಳೆದು, ಒಲೆಯ ಬೂದಿಯನ್ನು ತೆಗೆದು, ಹಂಡೆಯನ್ನು ಸುಣ್ಣ ಕೆಮ್ಮಣ್ಣುಗಳಿಂದ ಅಲಂಕರಿಸಿ ಹೊಸ ನೀರು ತುಂಬುತ್ತಿದ್ದರು. ಹಬ್ಬದ ಹೆಸರಿನಲ್ಲಿ ವರ್ಷಕ್ಕೊಮ್ಮೆ ತಪ್ಪದೆ ನಡೆಯುತ್ತಿದ್ದ ತಪಾಸಣೆ ಅದು. ಹಂಡೆ ತಲೆಮಾರುಗಳ ಕಾಲ ಬಾಳಿದ್ದು ಈ ಆರೈಕೆಯಿಂದ. ತಾರಸಿಯ ಮೇಲಿನ ಹಂಡೆ ನಮ್ಮ ಕಣ್ಣಿಗೆ ಬೀಳುವುದಿಲ್ಲವಾದ್ದರಿಂದ ಅದಕ್ಕೆ ಹಬ್ಬವೂ ಇಲ್ಲ, ಆರೈಕೆಯೂ ಇಲ್ಲ.

ಪರೀಕ್ಷೆ ಹೇಗೆ? ಮೊದಲನೆಯದಾಗಿ, ಮನೆಯನ್ನು ನೋಡಲು ಮಧ್ಯಾಹ್ನ ಹೋಗಬೇಡಿ. ಬಿಸಿಲೇರಿದ ಮೇಲೆ ಎಂತಹ ಸೋಲಾರ್ ಆದರೂ ಬಿಸಿನೀರು ಕೊಟ್ಟೀತು. ಚೆನ್ನಾಗಿ ಬಿಸಿಲಿದ್ದ ದಿನದ ಮರುದಿನ ಬೆಳಿಗ್ಗೆ ಆರು ಗಂಟೆಗೆ ಹೋಗಿ. ಟ್ಯಾಂಕಿನೊಳಗಿನ ವಿದ್ಯುತ್ ಕಾಯಿಲನ್ನು ಹಿಂದಿನ ದಿನವೆಲ್ಲ ಹಾಕದಿರುವಂತೆ ಮನೆಯವರಲ್ಲಿ ವಿನಯದಿಂದ ಕೇಳಿಕೊಳ್ಳಿ. ಬಳಿಕ ಬಕೆಟ್ ಇಟ್ಟು ಎಣಿಸಿ. ರಾತ್ರಿ ಯಾರೂ ನೀರು ಬಳಸದಿದ್ದರೆ, 200 ಲೀಟರಿನ ವ್ಯವಸ್ಥೆಯಿಂದ 20 ಲೀಟರಿನ ಆರು ಬಕೆಟ್ ಬಿಸಿನೀರಾದರೂ ಬರಬೇಕು. ಎರಡನೆಯ ಬಕೆಟ್ಟಿಗೇ ತಣ್ಣಗಾದರೆ ಕಾರಣವನ್ನು ಮೇಲೆ ಹುಡುಕಬೇಕು.

ತಾರಸಿ ಹತ್ತಿದರೆ ಓದಲು ಬಹಳಷ್ಟಿದೆ. ಟ್ಯಾಂಕಿನ ಹೊರಮೈಯನ್ನು ಮುಟ್ಟಿ ನೋಡಿ. ಒಳಗೆ ಬಿಸಿನೀರಿದ್ದೂ ಹೊರಗೆ ತಣ್ಣಗಿದ್ದರೆ ಶಾಖ ತಡೆಯುವ ಪದರ ಚೆನ್ನಾಗಿದೆ; ಬೆಚ್ಚಗಿದ್ದರೆ ಪದರ ಹಾಳಾಗಿದೆ. ತಾಮ್ರದ ಕೊಳವೆಗಳುಳ್ಳ ಚಪ್ಪಟೆ ಫಲಕವಾದರೆ, ಗಾಜಿನ ಒಳಗೆ ಹಬೆ ಕಟ್ಟಿದೆಯೇ, ಕಪ್ಪು ಲೇಪನ ಎದ್ದು ಬಂದಿದೆಯೇ, ಕೀಲುಗಳಲ್ಲಿ ಹಸಿರು ಕಿಲುಬು ಇಳಿದಿದೆಯೇ ಎಂದು ಗಮನಿಸಿ. ಗಾಜಿನ ನಳಿಕೆಗಳಾದರೆ ಅವುಗಳ ತುದಿಯನ್ನು ನೋಡಿ. ತುದಿಯ ಬೆಳ್ಳಿಯ ಹೊಳಪು ಹೋಗಿ ಹಾಲಿನಂತೆ ಬಿಳಿಚಿಕೊಂಡಿದ್ದರೆ ಆ ನಳಿಕೆಯ ನಿರ್ವಾತ ಹೋಗಿದೆ, ಅದು ಇನ್ನು ಶಾಖವನ್ನು ಹಿಡಿದಿಡಲಾರದು. ಬೋರ್‌ವೆಲ್ ನೀರನ್ನೇ ನಂಬಿದ ಬಡಾವಣೆಯಾದರೆ ಚಪ್ಪಟೆ ಫಲಕದ ಸಣ್ಣ ಕೊಳವೆಗಳಲ್ಲಿ ಸುಣ್ಣದ ಪದರ ಕಟ್ಟಿ ನೀರಿನ ಓಟವೇ ನಿಂತಿರಬಹುದು. ಕೊನೆಯ ಸಲ ಯಾವಾಗ ಸ್ವಚ್ಛ ಮಾಡಿಸಿದಿರಿ ಎಂದು ಕೇಳಿ. ಉತ್ತರ ಬರಲು ತಡವಾದರೆ ಆ ತಡವೇ ಉತ್ತರ.

ಭೂಗೋಳ ಓದಿದವರಿಗೆ ಇನ್ನೊಂದು ಮಾತು. ಮೈಸೂರಿನ ಅಕ್ಷಾಂಶ ಸುಮಾರು 12.3 ಡಿಗ್ರಿ ಉತ್ತರ. ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ಮೂರನೆಯ ವಾರದವರೆಗೆ ನಡುಮಧ್ಯಾಹ್ನದ ಸೂರ್ಯ ಅಲ್ಲಿ ನೆತ್ತಿಯಿಂದ ಉತ್ತರಕ್ಕಿರುತ್ತಾನೆ. ಡಿಸೆಂಬರ್ 21ರ ಸುಮಾರಿಗೆ ದಕ್ಷಿಣದಲ್ಲಿ 54 ಡಿಗ್ರಿ ಎತ್ತರದವರೆಗೆ ಮಾತ್ರ ಏರುತ್ತಾನೆ. ಆಗ ನಮ್ಮ ತಾರಸಿಗಿಂತ 3 ಮೀಟರ್ ಎತ್ತರವಿರುವ ದಕ್ಷಿಣದ ನೆರೆಮನೆಯ ಗೋಡೆ ನಡುಮಧ್ಯಾಹ್ನವೂ 2 ಮೀಟರಿಗಿಂತ ಹೆಚ್ಚು ನೆರಳು ಚೆಲ್ಲುತ್ತದೆ. ಮೇ ತಿಂಗಳಲ್ಲಿ ಮನೆ ನೋಡಿದವರಿಗೆ ಈ ನೆರಳು ಕಾಣುವುದೇ ಇಲ್ಲ. ಬಿಸಿನೀರು ಹೆಚ್ಚು ಬೇಕಾದ ಧನುರ್ಮಾಸದಲ್ಲಿ ಕಾಣುತ್ತದೆ. ಸೋಲಾರ್ ಹಾಕಿಸಿದಾಗ ನೆರೆಯಲ್ಲಿ ಖಾಲಿ ನಿವೇಶನವಿದ್ದಿರಬಹುದು, ಈಗ ಮೂರು ಅಂತಸ್ತು ಎದ್ದಿರಬಹುದು. ಆದ್ದರಿಂದ ದಕ್ಷಿಣಕ್ಕೆ ತಿರುಗಿ ನಿಂತು ಒಮ್ಮೆ ಲೆಕ್ಕ ಹಾಕಿ.

ಕೊಳವೆಗಳ ವಿಚಾರ ಇದಕ್ಕಿಂತ ಗಂಭೀರವಾದುದು. ಮುಕ್ಕಾಲು ಇಂಚಿನ ಕೊಳವೆ ಮೀಟರಿಗೆ ಕಾಲು ಲೀಟರಿಗಿಂತ ತುಸು ಹೆಚ್ಚು ನೀರನ್ನು ಹಿಡಿಯುತ್ತದೆ. ಟ್ಯಾಂಕಿನಿಂದ ಬಚ್ಚಲಿಗೆ 20 ಮೀಟರ್ ದೂರವಿದ್ದರೆ, ಬಿಸಿನೀರು ಬರುವ ಮುನ್ನ ಪ್ರತಿ ಸಲವೂ ಐದೂವರೆ ಲೀಟರಿಗೂ ಹೆಚ್ಚು ತಣ್ಣೀರು ಹರಿಯಬೇಕು. ಅದನ್ನು ಬಕೆಟ್ಟಿನಲ್ಲಿ ಹಿಡಿದು ಬಳಸಬಹುದೆನ್ನಿ. ಆದರೆ ಗೋಡೆಯೊಳಗೆ ಹುದುಗಿರುವ ಹಳೆಯ ಕಬ್ಬಿಣದ ಕೊಳವೆ ತುಕ್ಕು ಹಿಡಿದಿದ್ದರೆ ಸುಲಭದ ಪರಿಹಾರವಿಲ್ಲ. ಟ್ಯಾಂಕನ್ನು ಒಂದು ದಿನದಲ್ಲಿ ಬದಲಿಸಬಹುದು. ಕೊಳವೆಯನ್ನು ಬದಲಿಸಲು ಹೆಂಚು ಒಡೆದು ಗೋಡೆ ಅಗೆಯಬೇಕು. ಬಿಸಿನೀರಿನ ನಲ್ಲಿ ತಿರುಗಿಸಿದೊಡನೆ ಕಂದು ನೀರು ಬಂದರೆ, ತಣ್ಣೀರಿಗಿಂತ ಬಿಸಿನೀರಿನ ಧಾರೆ ತೀರ ಸಣ್ಣದಾಗಿದ್ದರೆ, ಬಚ್ಚಲಿನ ಹಿಂಗೋಡೆಯಲ್ಲಿ ಸುಣ್ಣ ಉದುರುತ್ತಿದ್ದರೆ, ನಂಬಿಕೆಯ ಪ್ಲಂಬರ್ ಒಬ್ಬರನ್ನು ಕರೆಸದೆ ಮುಂದಿನ ಮಾತಾಡಬೇಡಿ.

ಇನ್ನು, ಯಾವ ಬೆಲೆಗೂ ಸಹಿಸಬಾರದ ದೋಷಗಳೆಂದೆನಲ್ಲ, ಅವು ಪ್ರಾಣಕ್ಕೆ ಸಂಬಂಧಿಸಿದವು. ಬಚ್ಚಲಿನೊಳಗೇ ಗ್ಯಾಸ್ ಗೀಸರ್ ಕೂರಿಸಿದ ಮನೆಗಳಿವೆ. ಕಿಟಕಿ ಮುಚ್ಚಿದ ಸಣ್ಣ ಕೋಣೆಯಲ್ಲಿ ಅದು ಉರಿದಾಗ ಗಾಳಿಯ ಆಮ್ಲಜನಕ ಕಡಿಮೆಯಾಗಿ ಕಾರ್ಬನ್ ಮಾನಾಕ್ಸೈಡ್ ತುಂಬುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಸ್ನಾನಕ್ಕೆ ಹೋದವರು ಕೂಗುವ ಮೊದಲೇ ಎಚ್ಚರ ತಪ್ಪುತ್ತಾರೆ. ನಮ್ಮ ರಾಜ್ಯದಲ್ಲಿಯೂ ಇಂತಹ ಸಾವುಗಳ ಸುದ್ದಿಯನ್ನು ಪತ್ರಿಕೆಗಳಲ್ಲಿ ಓದಿದ್ದೇವೆ. ಅಂತಹ ಗೀಸರ್ ಇದ್ದರೆ ಗೃಹಪ್ರವೇಶಕ್ಕೆ ಮೊದಲೇ ಅದನ್ನು ಬಚ್ಚಲಿನಿಂದ ತೆಗೆಸಿ. ವಿದ್ಯುತ್ ಗೀಸರ್ ಆದರೆ ಅರ್ಥಿಂಗ್ ಸರಿಯಾಗಿದೆಯೇ, ವಿದ್ಯುತ್ ಸೋರಿದರೆ ಕೂಡಲೇ ಕಡಿದುಹಾಕುವ ಸ್ವಿಚ್ ಇದೆಯೇ, ಒತ್ತಡ ಬಿಡುಗಡೆ ಮಾಡುವ ಸುರಕ್ಷತಾ ವಾಲ್ವನ್ನು ಯಾರಾದರೂ ಸೋರುತ್ತದೆಂದು ಬಿಗಿದು ಮುಚ್ಚಿಬಿಟ್ಟಿದ್ದಾರೆಯೇ ಎಂದು ಎಲೆಕ್ಟ್ರಿಷಿಯನ್‌ರಿಂದ ನೋಡಿಸಿ. ನಾವು ದುಡಿದು ಸಾಲ ಮಾಡಿ ಕೊಳ್ಳುವ ಮನೆಯಲ್ಲಿ ಮೊದಲು ಸ್ನಾನ ಮಾಡುವವರು ನಮ್ಮ ವಯಸ್ಸಾದ ತಾಯಂದಿರು ಮತ್ತು ಮಕ್ಕಳು.

"ಮೇಷ್ಟ್ರೇ, ಲಕ್ಷಾಂತರ ರೂಪಾಯಿಯ ಮನೆಯಲ್ಲಿ ಇದೊಂದು ಸಣ್ಣ ವಿಷಯವಲ್ಲವೇ?" ಎಂದು ಕೆಲವರು ಕೇಳುತ್ತಾರೆ. ಹಣದ ದೃಷ್ಟಿಯಿಂದ ಸಣ್ಣದೇ. ಆದರೆ ಕಣ್ಣಿಗೆ ಬೀಳದ ಟ್ಯಾಂಕನ್ನು ಕಾಲಕಾಲಕ್ಕೆ ತೊಳೆಸಿದವರು ಕಣ್ಣಿಗೆ ಬೀಳದ ಉಳಿದುದನ್ನೂ ನೋಡಿಕೊಂಡಿರುತ್ತಾರೆ. ಹಾಗಾಗಿ ವಯಸ್ಸೊಂದನ್ನೇ ಕಂಡು ಹಳಿಯಬೇಡಿ. ಒಳ್ಳೆಯ ಆರೈಕೆಯಲ್ಲಿ ಸೋಲಾರ್ 15ರಿಂದ 20 ವರ್ಷ ಬಾಳುತ್ತದೆ. 15 ದಾಟಿದ್ದರೆ ಅದಕ್ಕೆ ಪ್ರತ್ಯೇಕ ಬೆಲೆ ಕಟ್ಟಬೇಡಿ. ಹೊಸದರ ಖರ್ಚನ್ನು ವಿಚಾರಿಸಿಕೊಂಡು, ಮಾರುವವರ ಮನಸ್ಸು ನೋಯದಂತೆ ಆ ಮೊತ್ತವನ್ನು ಮಾತಿಗೆ ತನ್ನಿ. ಪ್ರಾಮಾಣಿಕರಾದವರು ತಾವೇ ತಾರಸಿಯ ಬೀಗ ತೆಗೆದು ಮುಂದೆ ನಡೆಯುತ್ತಾರೆ.

ಮನೆ ಹುಡುಕುತ್ತಿರುವ ಎಲ್ಲರಿಗೂ ಒಳ್ಳೆಯ ಮನೆ ದೊರೆಯಲಿ, ಮೊದಲ ದೀಪಾವಳಿಯ ಅಭ್ಯಂಜನಕ್ಕೆ ಬಿಸಿನೀರು ಸಮೃದ್ಧವಾಗಿ ಬರಲಿ ಎಂದು ಹಾರೈಸುತ್ತೇನೆ.