ಹಾಡಿನೊಡನೆ ಹೆಸರೂ ಉಳಿಯಲಿ

ವಿಜಯಪುರದಿಂದ ತಿಕೋಟಾ ಕಡೆಗೆ ಹೊರಟ ಬಸ್ಸು ಊರು ಬಿಟ್ಟ ಸ್ವಲ್ಪ ಹೊತ್ತಿಗೆ ತೊರವಿಯನ್ನು ದಾಟುತ್ತದೆ. ಅಲ್ಲಿ ಉಳಿದಿರುವ ಹಾಳು ಗೋಡೆ, ಕಮಾನುಗಳು ನವರಸಪುರದ ಗುರುತುಗಳು. ಸಂಗೀತಪ್ರಿಯನಾದ ಎರಡನೇ ಇಬ್ರಾಹಿಂ ಆದಿಲ್‌ಶಹಾ 1599ರಲ್ಲಿ ಈ ಹೊಸ ಊರನ್ನು ಕಟ್ಟಿಸಲು ತೊಡಗಿದ. 1624ರಲ್ಲಿ ಮಲಿಕ್ ಅಂಬರನ ದಂಡು ಬಂದು ಅದನ್ನು ಹಾಳುಗೆಡವಿತು. ಊರು ಹೋಯಿತು. ಆದರೆ ಸುಲ್ತಾನ ದಖನಿ ಭಾಷೆಯಲ್ಲಿ ರಚಿಸಿದ ‘ಕಿತಾಬ್-ಎ-ನೌರಸ್’ ಉಳಿಯಿತು. ಅದರ 59 ಹಾಡುಗಳೂ 17 ರಾಗಗಳ ಹೆಸರಿನಡಿ ಬರುತ್ತವೆ. ಯಾವ ಹಾಡು ಯಾವ ರಾಗದ್ದು ಎಂಬುದು ನಾಲ್ಕು ಶತಮಾನಗಳ ನಂತರವೂ ಗೊತ್ತಾಗುತ್ತದೆ. ಗೊತ್ತಾಗದೆ ಹೋದದ್ದು ಒಂದೇ: ಆ ಹಾಡುಗಳು ಕಿವಿಗೆ ಹೇಗೆ ಕೇಳಿಸುತ್ತಿದ್ದವು ಎಂಬುದು. ಧ್ವನಿಯನ್ನು ಹಿಡಿದಿಡುವ ಯಂತ್ರ ಆಗ ಇರಲಿಲ್ಲ.

ಇಂದು ಪರಿಸ್ಥಿತಿ ತಿರುವುಮುರುವಾಗಿದೆ. ಧ್ವನಿ ಇದೆ, ಹೆಸರಿಲ್ಲ. ತಿಕೋಟಾ, ಬಬಲೇಶ್ವರದ ಯಾವುದೇ ಮನೆಯ ಫೋನು ತೆರೆದರೂ ನೂರಾರು ಧ್ವನಿ ಫೈಲುಗಳು ಸಿಗುತ್ತವೆ. ಅವುಗಳಲ್ಲಿ ಸೋಬಾನ ಪದ, ಬೀಸುವ ಕಲ್ಲಿನ ಹಾಡು, ಮೊಹರಂನ ರಿವಾಯತ ಪದ, ಅಮಾವಾಸ್ಯೆಯ ಭಜನೆ ಎಲ್ಲವೂ ಇರಬಹುದು. ತಿಕೋಟಾ ತಾಲ್ಲೂಕಿನ ಬಿಜ್ಜರಗಿಯಲ್ಲಿ ಹುಟ್ಟಿ, ವಿಜಯಪುರದ ಜ್ಞಾನಯೋಗಾಶ್ರಮದಲ್ಲಿ ನೆಲೆಸಿ, 2023ರ ಜನವರಿ 2ರಂದು ಲಿಂಗೈಕ್ಯರಾದ ಸಿದ್ಧೇಶ್ವರ ಸ್ವಾಮೀಜಿಯವರ ಪ್ರವಚನಗಳೂ ಇರಬಹುದು. ಆದರೆ ಫೈಲಿನ ಹೆಸರು ಮಾತ್ರ ‘ಎಯುಡಿ 20230103 ಡಬ್ಲ್ಯುಎ 0012’ ಎಂಬ ಬಗೆಯದು. ಅದರಲ್ಲಿರುವ ತಾರೀಖು ಕೂಡ ಹಾಡಿದ ದಿನದ್ದಲ್ಲ, ವಾಟ್ಸ್‌ಆ್ಯಪ್‌ ಮೂಲಕ ಫೋನಿಗೆ ಬಂದ ದಿನದ್ದು. ಹಾಡಿದವರು ಯಾರು, ಯಾವ ಊರಿನವರು, ಯಾವ ಹಬ್ಬದ ಸಂದರ್ಭ ಎಂಬುದೆಲ್ಲ ಮನೆಯ ಹಿರಿಯರ ನೆನಪಿನಲ್ಲಿ ಮಾತ್ರ ಇದೆ. ಆ ನೆನಪು ಇರುವಷ್ಟು ದಿನ ಮಾತ್ರ ಆ ಧ್ವನಿಗೆ ವಿಳಾಸ.

ಕಟ್ಟಿನ ಬಟ್ಟೆಯೋ, ಅಂಕಿತವೋ?

ಫೋಲ್ಡರ್ ಮಾಡಿ ಅದಕ್ಕೊಂದು ಹೆಸರು ಕೊಟ್ಟರೆ ಸಾಕಲ್ಲವೇ ಎಂದು ಅನೇಕ ವಿದ್ಯಾರ್ಥಿಗಳು ಕೇಳುತ್ತಾರೆ. ಸಾಲದು. ಏಕೆಂಬುದಕ್ಕೆ ವಿಜಯಪುರದಲ್ಲೇ ಒಂದು ದೊಡ್ಡ ನಿದರ್ಶನವಿದೆ. ವಚನ ಪಿತಾಮಹ ಫ.ಗು. ಹಳಕಟ್ಟಿಯವರು ಇಲ್ಲಿ ವಕೀಲಿ ಮಾಡುತ್ತಲೇ ತಾಡೋಲೆ ಕಟ್ಟುಗಳನ್ನು ಕೂಡಿಸಿ, 1923ರಲ್ಲಿ ‘ವಚನಶಾಸ್ತ್ರ ಸಾರ’ದ ಮೊದಲ ಭಾಗವನ್ನು ಹೊರತಂದರು. ತಾಡೋಲೆಯ ಕಟ್ಟನ್ನು ಸುತ್ತಿದ ಬಟ್ಟೆ ಬಿಚ್ಚಿಹೋಗಬಹುದು, ಓಲೆಗಳು ಚದುರಬಹುದು. ಆದರೂ ಒಂದೊಂದು ವಚನವೂ ತನ್ನ ಕರ್ತೃವನ್ನು ತಾನೇ ಹೇಳುತ್ತದೆ. ಕೂಡಲಸಂಗಮದೇವ ಎಂದಿದ್ದರೆ ಬಸವಣ್ಣನವರದು, ಚೆನ್ನಮಲ್ಲಿಕಾರ್ಜುನ ಎಂದಿದ್ದರೆ ಅಕ್ಕಮಹಾದೇವಿಯವರದು. ಅಂಕಿತವು ವಚನದ ಹೊರಗಿಲ್ಲ, ಒಳಗೇ ಇದೆ.

ಫೋಲ್ಡರಿನ ಹೆಸರು ಕಟ್ಟಿನ ಬಟ್ಟೆಯಿದ್ದಂತೆ. ಫೈಲು ಇನ್ನೊಂದು ಫೋನಿಗೆ ಹೋದಾಗ ಅದು ಹಿಂದೆಯೇ ಉಳಿಯುತ್ತದೆ. ಟ್ಯಾಗ್ ಎಂಬುದು ಅಂಕಿತವಿದ್ದಂತೆ. ಹಾಡಿನ ಹೆಸರು, ಹಾಡಿದವರು, ವರ್ಷ, ಊರು ಎಂಬ ವಿವರಗಳನ್ನು ಫೈಲಿನ ಒಳಗೇ ಬರೆದಿಡುವ ವ್ಯವಸ್ಥೆಗೆ ಟ್ಯಾಗ್ ಎನ್ನುತ್ತಾರೆ. ಫೈಲನ್ನು ಎಲ್ಲಿಗೆ ನಕಲು ಮಾಡಿದರೂ ಈ ವಿವರ ಜೊತೆಗೇ ಹೋಗುತ್ತದೆ.

ಮೂವತ್ತು ಬೈಟಿನ ಇಕ್ಕಟ್ಟು

ಟ್ಯಾಗಿನ ಇತಿಹಾಸ ಬಹಳ ಹಳೆಯದಲ್ಲ. ಜರ್ಮನಿಯ ಫ್ರಾನ್‌ಹೋಫರ್ ಸಂಸ್ಥೆಯ ತಂತ್ರಜ್ಞರು ಬೆಳೆಸಿದ ಧ್ವನಿ ಅಡಕದ ಕ್ರಮಕ್ಕೆ 1995ರ ಜುಲೈನಲ್ಲಿ ಎಂಪಿ3 ಎಂಬ ಬಾಲನಾಮ ಗೊತ್ತಾಯಿತು. ಆ ಫೈಲಿನಲ್ಲಿ ಹಾಡಿನ ಹೆಸರು ಬರೆಯಲು ಜಾಗವೇ ಇರಲಿಲ್ಲ. 1996ರಲ್ಲಿ ಎರಿಕ್ ಕೆಂಪ್ ಎಂಬವರು ಫೈಲಿನ ತುದಿಗೆ 128 ಬೈಟುಗಳ ಒಂದು ಚೀಟಿ ಅಂಟಿಸುವ ಉಪಾಯ ಹೂಡಿದರು. ಇದೇ ಐಡಿ3 ಟ್ಯಾಗಿನ ಮೊದಲ ರೂಪ. ಹಾಡಿನ ಹೆಸರಿಗೆ 30, ಗಾಯಕರಿಗೆ 30, ಆಲ್ಬಮ್ಮಿಗೆ 30, ವರ್ಷಕ್ಕೆ 4 ಹೀಗೆ ಬೈಟುಗಳ ಹಂಚಿಕೆ ಅದರಲ್ಲಿತ್ತು.

ಇಂಗ್ಲಿಷಿಗೆ ಇದು ಹೇಗೋ ಸಾಲುತ್ತಿತ್ತು, ಕನ್ನಡಕ್ಕೆ ಸಾಲದು. ಯುನಿಕೋಡಿನ ಯುಟಿಎಫ್-8 ಕ್ರಮದಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟು ಬೇಕು. ‘ಮಲ್ಲಿಕಾರ್ಜುನ’ ಎಂಬ ಹೆಸರಿನಲ್ಲಿ ಅಕ್ಷರ, ಒತ್ತು, ಗುಣಿತ ಎಲ್ಲ ಸೇರಿ 12 ಸಂಕೇತಗಳಿವೆ, ಅಂದರೆ 36 ಬೈಟು. ‘ಮನ್ಸೂರ’ ಎಂದು ಬರೆಯುವ ಮೊದಲೇ ಜಾಗ ಮುಗಿದಿರುತ್ತದೆ! 1998ರಲ್ಲಿ ಬಂದ ಐಡಿ3ಯ ಎರಡನೇ ಪೀಳಿಗೆ ಈ ಇಕ್ಕಟ್ಟನ್ನು ಬಿಡಿಸಿತು. ಇದರಲ್ಲಿ ಉದ್ದದ ಮಿತಿಯ ತೊಂದರೆಯಿಲ್ಲ, ಯುನಿಕೋಡ್ ಕನ್ನಡವೂ ಕೂಡುತ್ತದೆ. ಆದ್ದರಿಂದ ಎಂಪಿ3 ಫೈಲಿಗೆ ಕನ್ನಡದಲ್ಲಿ ಟ್ಯಾಗ್ ಬರೆಯುವವರು ತಂತ್ರಾಂಶದ ಆಯ್ಕೆಗಳಲ್ಲಿ ಐಡಿ3 ಆವೃತ್ತಿ 2.3, ಯುಟಿಎಫ್-16 ಎಂಬುದನ್ನು ಗೊತ್ತುಮಾಡಿಕೊಳ್ಳುವುದು ಕ್ಷೇಮ. ಹಳೆಯ ಹಾಗೂ ಹೊಸ ಉಪಕರಣಗಳೆರಡರಲ್ಲೂ ಹೆಚ್ಚು ನಡೆಯುವುದು ಇದೇ.

ಇನ್ನೊಂದು ಎಚ್ಚರಿಕೆ. ಹಳೆಯ ನುಡಿ, ಬರಹ ಅಕ್ಷರಶೈಲಿಗಳಲ್ಲಿ, ಅಂದರೆ ಯುನಿಕೋಡ್ ಅಲ್ಲದ ಕ್ರಮದಲ್ಲಿ ಬೆರಳಚ್ಚು ಮಾಡಿದ ಹೆಸರುಗಳನ್ನು ಹಾಗೆಯೇ ಟ್ಯಾಗಿಗೆ ಅಂಟಿಸಬಾರದು. ಆ ಅಕ್ಷರಶೈಲಿ ಇಲ್ಲದ ಫೋನಿನಲ್ಲಿ ಅವು ಅರ್ಥವಿಲ್ಲದ ಚಿಹ್ನೆಗಳ ಸಾಲಾಗುತ್ತವೆ. ಮೊದಲು ಯುನಿಕೋಡಿಗೆ ಪರಿವರ್ತಿಸಿಕೊಳ್ಳಬೇಕು.

ದ್ರಾಕ್ಷಿ ಮತ್ತು ಮಣೂಕ

ಧ್ವನಿಯನ್ನು ಯಾವ ರೂಪದಲ್ಲಿ ಇಡಬೇಕು? ಇದಕ್ಕೆ ಸ್ವಲ್ಪ ಲೆಕ್ಕ ಬೇಕು. ಸಿ.ಡಿ.ಯ ಗುಣಮಟ್ಟದಲ್ಲಿ ಧ್ವನಿಯನ್ನು ಸೆಕೆಂಡಿಗೆ 44,100 ಸಲ ಅಳೆಯಲಾಗುತ್ತದೆ. ಒಂದೊಂದು ಅಳತೆಗೂ 16 ಬಿಟ್, ಎಡ ಬಲ ಎಂದು ಎರಡು ವಾಹಿನಿ. ಗುಣಿಸಿದರೆ ನಿಮಿಷಕ್ಕೆ ಹತ್ತೂವರೆ ಎಂ.ಬಿ.ಯಷ್ಟಾಗುತ್ತದೆ. ಯಾವ ಅಡಕವೂ ಇಲ್ಲದ ವೇವ್ ಫೈಲು ಇಷ್ಟು ಜಾಗ ನುಂಗುತ್ತದೆ. ಒಂದು ಗಂಟೆಯ ಕ್ಯಾಸೆಟ್ಟಿಗೆ ಸುಮಾರು 635 ಎಂ.ಬಿ. ಬೇಕು. ಜೊತೆಗೆ ವೇವ್ ಫೈಲಿನಲ್ಲಿ ಟ್ಯಾಗಿನ ವ್ಯವಸ್ಥೆ ದುರ್ಬಲ. ಒಂದು ತಂತ್ರಾಂಶ ಬರೆದದ್ದನ್ನು ಇನ್ನೊಂದು ಓದುತ್ತದೆಂಬ ಭರವಸೆ ಇಲ್ಲ.

ತಿಕೋಟಾ ಭಾಗದ ತೋಟಗಳನ್ನು ನೋಡಿದವರಿಗೆ ಉಳಿದ ಎರಡು ಬಗೆಗಳನ್ನು ವಿವರಿಸುವುದು ಸುಲಭ. ಹಸಿ ದ್ರಾಕ್ಷಿಯ ಗೊಂಚಲನ್ನು ಪೆಟ್ಟಿಗೆಯಲ್ಲಿ ಒತ್ತಾಗಿ ಜೋಡಿಸಿ ಕಳಿಸಬಹುದು. ಬಿಚ್ಚಿದಾಗ ಹಣ್ಣು ಹೇಗಿತ್ತೋ ಹಾಗೇ ಇರುತ್ತದೆ. 2001ರಲ್ಲಿ ಬಂದ ಫ್ಲ್ಯಾಕ್ ಎಂಬ ಮಾದರಿ ಈ ತರಹದ್ದು. ಗಾತ್ರ ವೇವ್‌ನ ಅರ್ಧಕ್ಕೋ ಅದಕ್ಕಿಂತ ಸ್ವಲ್ಪ ಹೆಚ್ಚಿಗೋ ಇಳಿಯುತ್ತದೆ, ಧ್ವನಿಯ ಒಂದು ಅಂಶವೂ ಕಳೆಯುವುದಿಲ್ಲ. ಟ್ಯಾಗುಗಳನ್ನು ಯುನಿಕೋಡಿನಲ್ಲೇ ಇಡುವುದರಿಂದ ಕನ್ನಡಕ್ಕೆ ತೊಡಕಿಲ್ಲ. ಬಳಸಲು ಯಾರಿಗೂ ಶುಲ್ಕ ಕೊಡಬೇಕಾಗಿಲ್ಲ.

ಎಂಪಿ3 ಎಂಬುದು ಒಣಗಿಸಿದ ಮಣೂಕ. ಕಿವಿ ಅಷ್ಟಾಗಿ ಗಮನಿಸದ ಅಂಶಗಳನ್ನು ತೆಗೆದುಹಾಕಿ ಧ್ವನಿಯನ್ನು ಹಗುರ ಮಾಡಲಾಗಿರುತ್ತದೆ. 128 ಕಿಲೋಬಿಟ್ ದರದಲ್ಲಿ ನಿಮಿಷಕ್ಕೆ ಒಂದು ಎಂ.ಬಿ.ಗಿಂತ ಕಡಿಮೆ, 320 ದರದಲ್ಲಿ ಸುಮಾರು 2.4 ಎಂ.ಬಿ. ಸಾಕು. ಇದರ ಪೇಟೆಂಟ್ ಪರವಾನಗಿ ಪದ್ಧತಿ 2017ರಲ್ಲೇ ನಿಂತಿತು. ಹಳೆಯ ಕಾರಿನಿಂದ ಹೊಸ ಫೋನಿನವರೆಗೆ ಎಲ್ಲ ಕಡೆ ನುಡಿಯುವುದು ಇದರ ದೊಡ್ಡ ಗುಣ. ಎಎಸಿ ಮತ್ತು 2012ರ ಓಪಸ್ ಇದೇ ಜಾತಿಯವು, ಕಡಿಮೆ ಜಾಗದಲ್ಲಿ ಇನ್ನೂ ಚೆನ್ನಾಗಿ ಕೇಳಿಸುತ್ತವೆ. ವಾಟ್ಸ್‌ಆ್ಯಪ್‌ನ ಧ್ವನಿ ಸಂದೇಶ ಇರುವುದು ಓಪಸ್ ರೂಪದಲ್ಲಿಯೇ.

ಮಣೂಕವನ್ನು ನೀರಲ್ಲಿ ನೆನೆಹಾಕಿದರೆ ಉಬ್ಬುತ್ತದೆ, ದ್ರಾಕ್ಷಿಯಾಗುವುದಿಲ್ಲ. ಎಂಪಿ3ಯನ್ನು ಫ್ಲ್ಯಾಕ್‌ಗೆ ಬದಲಿಸಿದರೂ ಅಷ್ಟೇ, ಫೈಲು ದಪ್ಪವಾಗುತ್ತದೆ, ಕಳೆದುಹೋದದ್ದು ಮರಳಿ ಬರುವುದಿಲ್ಲ. ಎಂಪಿ3ಯಿಂದ ಮತ್ತೆ ಎಂಪಿ3 ಮಾಡಿದರೆ ಇನ್ನಷ್ಟು ಕಳೆಯುತ್ತದೆ. ಹಾಗಾಗಿ ನಿಯಮ ಸರಳ. ಕ್ಯಾಸೆಟ್ಟಿನಿಂದ ಹೊಸದಾಗಿ ಇಳಿಸಿಕೊಳ್ಳುವುದನ್ನು, ಅಜ್ಜಿಯ ಎದುರು ಕುಳಿತು ಧ್ವನಿಮುದ್ರಿಸುವುದನ್ನು ಫ್ಲ್ಯಾಕ್‌ನಲ್ಲಿ ಮೂಲಪ್ರತಿಯಾಗಿ ಇಡಬೇಕು. ದಿನನಿತ್ಯ ಕೇಳಲು ಅದರಿಂದ ಎಂಪಿ3 ಪ್ರತಿ ತೆಗೆಯಬೇಕು. ಮೊದಲೇ ಎಂಪಿ3 ಅಥವಾ ಓಪಸ್ ಆಗಿ ಬಂದದ್ದನ್ನು ಹಾಗೆಯೇ ಬಿಡಬೇಕು. ಜಾಗದ ಭಯ ಬೇಡ. ನೂರು ಕ್ಯಾಸೆಟ್ಟುಗಳು ಫ್ಲ್ಯಾಕ್‌ನಲ್ಲಿ 35 ಜಿ.ಬಿ. ಆಸುಪಾಸಿನಲ್ಲಿ ಮುಗಿಯುತ್ತವೆ. 64 ಜಿ.ಬಿ.ಯ ಒಂದು ಪೆನ್‌ಡ್ರೈವ್ ಸಾಕು.

ಯಾರಿಗೆ ಯಾವ ತಂತ್ರಾಂಶ?

ಟ್ಯಾಗ್ ಬರೆಯಲು ದುಡ್ಡು ಕೊಡಬೇಕಾಗಿಲ್ಲ. ವಿಂಡೋಸ್ ಇರುವ ಮನೆಗೆ ಎಂಪಿ3ಟ್ಯಾಗ್ ಒಳ್ಳೆಯದು. ಹೆಸರು ಎಂಪಿ3 ಎಂದಿದ್ದರೂ ಫ್ಲ್ಯಾಕ್, ಓಪಸ್ ಎಲ್ಲವನ್ನೂ ನಿಭಾಯಿಸುತ್ತದೆ. ಒಂದು ಕ್ಯಾಸೆಟ್ಟಿನ ಹತ್ತು ಹಾಡುಗಳನ್ನು ಒಟ್ಟಿಗೆ ಆರಿಸಿ, ಊರು ಮತ್ತು ವರ್ಷವನ್ನು ಒಂದೇ ಸಲಕ್ಕೆ ತುಂಬಬಹುದು. ಫೈಲಿನ ಹೆಸರಿನಿಂದ ಟ್ಯಾಗನ್ನೂ ಟ್ಯಾಗಿನಿಂದ ಫೈಲಿನ ಹೆಸರನ್ನೂ ರಚಿಸಬಹುದು. ಲಿನಕ್ಸ್ ಬಳಸುವವರಿಗೆ ಕಿಡ್3 ಇದೆ. ಅದು ವಿಂಡೋಸ್, ಮ್ಯಾಕ್‌ಗಳಲ್ಲೂ ನಡೆಯುತ್ತದೆ.

ಮ್ಯೂಸಿಕ್‌ಬ್ರೇನ್ಜ್ ಪಿಕಾರ್ಡ್ ಎಂಬ ಇನ್ನೊಂದರ ರೀತಿ ಬೇರೆ. ಅದು ಹಾಡಿನ ಧ್ವನಿಯಿಂದ ಬೆರಳಚ್ಚಿನಂಥ ಗುರುತು ತೆಗೆದು, ಜಗತ್ತಿನ ಸಂಗೀತಾಸಕ್ತರು ಸೇರಿ ಕಟ್ಟಿದ ದತ್ತಸಂಚಯದೊಂದಿಗೆ ಹೋಲಿಸಿ ವಿವರ ತರುತ್ತದೆ. ಭೀಮಸೇನ ಜೋಶಿ, ಮಲ್ಲಿಕಾರ್ಜುನ ಮನ್ಸೂರರಂಥವರ ಪ್ರಕಟಿತ ಸಿ.ಡಿ.ಗಳಿದ್ದವರು ಪ್ರಯತ್ನಿಸಿ ನೋಡಬಹುದು. ಆದರೆ ಬಬಲೇಶ್ವರದ ಸೋದರತ್ತೆ ಹಾಡಿದ ಕಲ್ಲಿನ ಹಾಡು ಆ ಸಂಚಯದಲ್ಲಿ ಇರುವುದಿಲ್ಲ. ಯಂತ್ರ ಇಲ್ಲಿ ಕೈಚೆಲ್ಲುತ್ತದೆ. ಮನೆಯವರೇ ಬರೆಯಬೇಕು.

ಏನೆಂದು ಬರೆಯಬೇಕು?

ತಂತ್ರಾಂಶದ ಆಯ್ಕೆಗಿಂತ ಮುಖ್ಯವಾದದ್ದು ಬರೆಯುವ ಶಿಸ್ತು. ಶೀರ್ಷಿಕೆಯ ಜಾಗದಲ್ಲಿ ಹಾಡಿನ ಮೊದಲ ನುಡಿ, ಕಲಾವಿದರ ಜಾಗದಲ್ಲಿ ಹಾಡಿದವರ ಪೂರ್ಣ ಹೆಸರು, ರಚನಕಾರರ ಜಾಗದಲ್ಲಿ ವಚನಕಾರರೋ ತತ್ವಪದಕಾರರೋ ಯಾರೆಂಬುದು ಬರಬೇಕು. ಪ್ರಕಾರದ ಜಾಗದಲ್ಲಿ ಸೋಬಾನ, ರಿವಾಯತ, ಭಜನೆ ಎಂದು ಧಾರಾಳವಾಗಿ ಕನ್ನಡದಲ್ಲೇ ಬರೆಯಬಹುದು. ತಂತ್ರಾಂಶ ತೋರಿಸುವ ಇಂಗ್ಲಿಷ್ ಪಟ್ಟಿಗೆ ಕಟ್ಟುಬೀಳಬೇಕಾಗಿಲ್ಲ. ಟಿಪ್ಪಣಿಯ ಜಾಗದಲ್ಲಿ ಊರು, ಸಂದರ್ಭ, ರಾಗ, ಧ್ವನಿಮುದ್ರಿಸಿದವರು ಎಂಬ ವಿವರಗಳು ಇರಲಿ. ವರ್ಷಕ್ಕೆ ಮಾತ್ರ ಇಂಗ್ಲಿಷ್ ಅಂಕಿಗಳನ್ನೇ ಬಳಸಬೇಕು, ಇಲ್ಲವಾದರೆ ತಂತ್ರಾಂಶ ಅದನ್ನು ವರ್ಷವೆಂದು ಗುರುತಿಸದು. ಗೊತ್ತಿಲ್ಲದ್ದನ್ನು ಊಹಿಸಿ ತುಂಬಬಾರದು. ಖಾಲಿ ಜಾಗವನ್ನು ಮುಂದೆ ಯಾರಾದರೂ ತುಂಬಿಯಾರು, ತಪ್ಪು ಹೆಸರನ್ನು ತಿದ್ದುವವರು ಸಿಗುವುದು ಕಷ್ಟ.

ಒಂದೇ ಹೆಸರನ್ನು ಒಂದೇ ರೀತಿ ಬರೆಯುವುದು ಇನ್ನೂ ಮುಖ್ಯ. ಮನ್ಸೂರ, ಮನಸೂರ, ಮನ್ಸೂರ್ ಎಂದು ಬರೆದರೆ ಕಂಪ್ಯೂಟರಿಗೆ ಅವರು ಮೂವರು ಗಾಯಕರು! ಊರಿನ ಹೆಸರಿಗೂ ಇದೇ ಮಾತು. 2014ರ ನವೆಂಬರ್ 1ರವರೆಗೆ ವಿಜಯಪುರಕ್ಕೆ ಬಿಜಾಪುರ ಎಂಬ ಹೆಸರಿತ್ತು. ಹಳೆಯ ಕ್ಯಾಸೆಟ್ಟಿನ ಹೊದಿಕೆಯಲ್ಲಿ ಇರುವುದು ಅದೇ. ತಿಕೋಟಾ, ಬಬಲೇಶ್ವರಗಳನ್ನು ಹೊಸ ತಾಲ್ಲೂಕುಗಳೆಂದು ಘೋಷಿಸಿದ್ದು 2017ರಲ್ಲಿ. ಒಂದು ನೋಟುಪುಸ್ತಕದಲ್ಲಿ ಹೆಸರುಗಳ ಪಟ್ಟಿ ಮಾಡಿ, ಒಂದು ರೂಪವನ್ನು ಗೊತ್ತುಮಾಡಿಕೊಂಡು, ಎಲ್ಲ ಕಡೆ ಅದನ್ನೇ ಬರೆದರೆ ಹುಡುಕುವುದು ಸುಲಭವಾಗುತ್ತದೆ. ಹಳೆಯ ಹೆಸರನ್ನು ಟಿಪ್ಪಣಿಯಲ್ಲಿ ಉಳಿಸಿಕೊಳ್ಳಬಹುದು.

ಪಾಲಕರು ಗಮನಿಸಬೇಕಾದ ಮಾತು

ಮೊದಲ ಪ್ರಯೋಗವನ್ನು ಎಂದೂ ಮೂಲಪ್ರತಿಯ ಮೇಲೆ ಮಾಡಬಾರದು. ನಕಲು ತೆಗೆದು ಅದರ ಮೇಲೆ ಕಲಿಯಬೇಕು. ಮುಗಿದ ಸಂಗ್ರಹದ ಮೂರು ಪ್ರತಿ ಇರಲಿ: ಒಂದು ಕಂಪ್ಯೂಟರಿನಲ್ಲಿ, ಒಂದು ಬೇರೆ ಡಿಸ್ಕಿನಲ್ಲಿ, ಇನ್ನೊಂದು ಬೇರೆ ಊರಿನ ಬಂಧುಗಳ ಮನೆಯಲ್ಲಿ. ಪ್ರಕಟಿತ ಧ್ವನಿಮುದ್ರಿಕೆಗಳಿಗೆ ಭಾರತದ ಕಾನೂನಿನಲ್ಲಿ ಪ್ರಕಟಣೆಯ ನಂತರ 60 ವರ್ಷಗಳ ಹಕ್ಕುಸ್ವಾಮ್ಯವಿದೆ. ಅವುಗಳನ್ನು ಊರಿಗೆಲ್ಲ ಹಂಚುವಂತಿಲ್ಲ. ಮನೆಯ ಹಾಡನ್ನು ಅಂತರಜಾಲಕ್ಕೆ ಏರಿಸುವ ಮುನ್ನವೂ ಹಾಡಿದವರ ಒಪ್ಪಿಗೆ ಕೇಳುವುದು ಮರ್ಯಾದೆ.

ಈ ಕೆಲಸವನ್ನು ವಿದ್ಯಾರ್ಥಿಗಳೇ ಮಾಡಿ ಮುಗಿಸಲಾರರು, ಹಿರಿಯರೇ ಮಾಡಲೂ ಆಗದು. ತಂತ್ರಾಂಶ ಬಲ್ಲವರು ಮಕ್ಕಳು, ಹಾಡಿದವರ ಹೆಸರು ಬಲ್ಲವರು ಅಜ್ಜ ಅಜ್ಜಿಯರು. ಇಬ್ಬರೂ ಒಂದೇ ಕಟ್ಟೆಯ ಮೇಲೆ ಕುಳಿತು ಕೇಳಬೇಕು. “ಇದು ಯಾರ ದನಿ ಆಯಿ?” ಎಂದು ಮೊಮ್ಮಗಳು ಕೇಳಿದಾಗ ಬರುವ ಉತ್ತರ ಯಾವ ದತ್ತಸಂಚಯದಲ್ಲೂ ಸಿಗುವಂಥದ್ದಲ್ಲ. ದಿನಕ್ಕೆ ಹತ್ತು ಫೈಲುಗಳಂತೆ ನಡೆದರೆ ಒಂದು ತಿಂಗಳ ಬೇಸಿಗೆ ರಜೆಯಲ್ಲಿ ಮುನ್ನೂರು ಹಾಡುಗಳಿಗೆ ಹೆಸರು ಬರುತ್ತದೆ. ಎಲ್ಲಕ್ಕಿಂತ ಮೊದಲು ಎತ್ತಿಕೊಳ್ಳಬೇಕಾದದ್ದು ಮನೆಯ ಅತಿ ಹಿರಿಯರಿಗೆ ಮಾತ್ರ ಗುರುತು ಸಿಗುವ ದನಿಗಳನ್ನು. ಸಿನಿಮಾ ಹಾಡುಗಳು ಕಾಯಬಲ್ಲವು.